ಸೋರಿದ ಮೇಲೆ ನೆನಪಾಗುವ ಬೊಮ್ಮಕ್ಕ

ಬೆಳಗಿನ ಐದೂವರೆ. ರಾಯದುರ್ಗದ ಕೋಟೆ ಬೆಟ್ಟದ ಬುಡದ ಓಣಿಯೊಂದರಲ್ಲಿ, ಹೊಸ ಮನೆಯ ತಾರಸಿ ಮೇಲೆ ಏಳು ಮಂದಿ ಹೆಂಗಸರು ಎರಡು ಸಾಲಾಗಿ ಕುಕ್ಕರುಗಾಲಲ್ಲಿ ಕುಳಿತು ಮರದ ಕೊಡತಿಯಿಂದ ಗಚ್ಚು ಬಡಿಯುತ್ತಿದ್ದಾರೆ. ಇಟ್ಟಿಗೆ ಚೂರಿಗೆ ಸುಣ್ಣ ಕಲೆಸಿ ಸ್ಲ್ಯಾಬಿನ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಹರಡಿದ ಹಾಸು ಅದು. ಬಿಸಿಲೇರುವ ಮೊದಲು ಒಂದು ಸುತ್ತು ಮುಗಿಯಬೇಕು. ಎಂಟನೆಯವರಾದ ಬೊಮ್ಮಕ್ಕ ಮಾತ್ರ ಬಡಿಯುತ್ತಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ, ಸದ್ದು ಕೇಳುತ್ತ ನಿಂತಿದ್ದಾರೆ.

"ಮೂಲ್ಯಾಗ ಯಾರವ್ವಾ, ಕೈಗೆ ನಿದ್ದಿ ಬಂದೈತೇನು?"

ಮೂಲೆಯ ಕೊಡತಿ ಜೋರಾಗುತ್ತದೆ. ಸದ್ದು ಮೆತ್ತಗೆ ಬಂದರೆ ಒಳಗೆ ಪೊಳ್ಳು ಉಳಿದಿದೆ, ಗಟ್ಟಿಯಾಗಿ ಬಂದರೆ ಗಚ್ಚು ಕೂತಿದೆ ಎಂದು ಲೆಕ್ಕ. ಇದು ಯಾವ ಪುಸ್ತಕದಲ್ಲಿದೆಯೋ ನನಗೆ ಗೊತ್ತಿಲ್ಲ. ಬೊಮ್ಮಕ್ಕನ ಕಿವಿಯಲ್ಲಂತೂ ಇದೆ.

ಬೊಮ್ಮಕ್ಕನಿಗೆ ಈಗ ಐವತ್ತಾರು. ಹುಟ್ಟಿದ್ದು ಭೈರವಾನಿತಿಪ್ಪದ ಹತ್ತಿರ, ಮದುವೆಯಾಗಿ ಬಂದದ್ದು ರಾಯದುರ್ಗಕ್ಕೆ. ಕೆಲಸ ಕಲಿಸಿದವರು ಅತ್ತೆ ಮೂಕಮ್ಮ. ಆಗೆಲ್ಲ ಊರಿನ ತುಂಬ ಮಣ್ಣಿನ ಮಾಳಿಗೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಬಂಡೆ, ಅದರ ಮೇಲೆ ಒಂದು ಗೇಣು ಮಣ್ಣು, ಕೊನೆಗೆ ನೀರು ಇಳಿಯದಂತೆ ಬಿಳಿಯ ಚೌಳು ಮಣ್ಣು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅತ್ತೆ ಸೊಸೆ ಇಬ್ಬರೂ ಬುಟ್ಟಿ ಹೊತ್ತು ಮಾಳಿಗೆಯಿಂದ ಮಾಳಿಗೆಗೆ ಹೋಗುತ್ತಿದ್ದರು. ಅತ್ತೆ ಮಣ್ಣನ್ನು ನಾಲಗೆ ತುದಿಗೆ ಇಟ್ಟು, ಉಪ್ಪು ಹತ್ತಿದರೆ ಮಾತ್ರ ಬುಟ್ಟಿಗೆ ತುಂಬುತ್ತಿದ್ದರು. ಗಚ್ಚಿನ ಕೆಲಸವನ್ನು ಬೊಮ್ಮಕ್ಕ ಕಲಿತದ್ದು ಗಂಡ ಹನುಮಂತರಾಯರಿಂದ. ಗಾರೆ ಕೆಲಸ ಮಾಡುತ್ತಿದ್ದ ಅವರಿಗೆ ಈಗ ಮೊಣಕಾಲು ಮಡಿಸಲಾಗುವುದಿಲ್ಲ. ಮನೆಯಲ್ಲೇ ಕುಳಿತು ಸುಣ್ಣ ಅರಳಿಸಿ ಕೊಡುತ್ತಾರೆ.

ಈವರೆಗೆ ಎಷ್ಟು ತಾರಸಿ ಎಂದರೆ ಬೊಮ್ಮಕ್ಕ ಎಣಿಸಿಲ್ಲ. ಮೂವತ್ತು ವರ್ಷದ ಹಿಂದೆ ವರ್ಷಕ್ಕೆ ಇಪ್ಪತ್ತೈದು ಮೂವತ್ತು ಸಿಗುತ್ತಿದ್ದವು, ಈಗ ನಾಲ್ಕೋ ಐದೋ. ಒಂದೊಂದಕ್ಕೂ ಮೂರು ದಿನ ಬಡಿತ, ಹನ್ನೆರಡು ದಿನ ನೀರುಣಿಸುವುದು. ಉಳಿದ ದಿನ ಜೀನ್ಸ್ ಘಟಕದಲ್ಲಿ ದಾರ ಕತ್ತರಿಸುವ ಕೂಲಿ. ಇಷ್ಟು ತಿಳಿದವರನ್ನು ಊರು ಯಾವಾಗ ಕೇಳುತ್ತದೆ ಎಂದರೆ, ಎಲ್ಲ ಕೆಟ್ಟ ಮೇಲೆ. ಸ್ಲ್ಯಾಬ್ ಹಾಕಿ, ಗೃಹಪ್ರವೇಶ ಮಾಡಿ, ಹೋಳಿಗೆ ಉಂಡು, ಮೊದಲ ಮಳೆಗೆ ದೇವರ ಗೂಡಿನ ಮೇಲೆ ಹನಿ ಬಿದ್ದಾಗ ಬೊಮ್ಮಕ್ಕನ ನಂಬರು ಯಾರ ಹತ್ತಿರ ಇದೆ ಎಂದು ಹುಡುಕುತ್ತಾರೆ. ಅವರ ಬಗ್ಗೆ ಬರೆಯಲು ಹೋದ ನನಗೇ ರೇಗುವಷ್ಟು ಸಲ ಈ ಮಾತು ಕೇಳಿಸಿತು. ನನ್ನ ಮನೆಯ ತಾರಸಿಯೂ ಹನ್ನೊಂದು ವರ್ಷದಿಂದ ಬರಿ ಸ್ಲ್ಯಾಬೇ ಎಂದು ಹೇಳಿದಾಗ ಅವರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ಏಳೂವರೆಗೆ ಫೋನು ಬರುತ್ತದೆ. ಅದೇ ಊರಿನ ಇನ್ನೊಂದು ಓಣಿಯ ಆದಿನಾರಾಯಣ, ಸರಕು ಆಟೋ ಓಡಿಸುವವರು. ಹಳೆ ಮಾಳಿಗೆ ಕೆಡವಿ ಫೆಬ್ರವರಿಯಲ್ಲಿ ಸ್ಲ್ಯಾಬ್ ಹಾಕಿಸಿದ್ದಾರೆ. ಮೇಲೆ ಹಾಸಲು ಎಲ್ಲ ಸಾಮಾನು ತಯಾರಿದೆ, ಸಿಮೆಂಟ್ ಎಳೆಯಲು ಬರಬೇಕಂತೆ. ಏನು ಸಾಮಾನು ಎಂದು ಕೇಳಿದ ಬೊಮ್ಮಕ್ಕ, ಉತ್ತರ ಕೇಳಿ ಫೋನನ್ನು ಕಿವಿಯಿಂದ ದೂರ ಹಿಡಿದು ನನ್ನ ಕಡೆ ತಿರುಗುತ್ತಾರೆ.

"ಚಿಂದಿ ಅಂತ್ರಿ ಸಾರ್. ಜೀನ್ಸ್ ಚಿಂದಿ. ಬರ್ರಿ, ನೀವೂ ನೋಡ್ರಿ."

ಆ ಮನೆಯ ಮೆಟ್ಟಿಲ ಮೇಲೆ ಇಪ್ಪತ್ಮೂರು ಚೀಲ ಕತ್ತರಿಸಿದ ಜೀನ್ಸ್ ಚೂರುಗಳಿವೆ. ರಾಯದುರ್ಗದಲ್ಲಿ ಇದಕ್ಕೇನು ಬರ, ಪ್ರತಿ ಘಟಕದ ಹಿಂದೆ ಗುಡ್ಡೆ ಬಿದ್ದಿರುತ್ತದೆ. ಆದಿನಾರಾಯಣರ ವಾದ ಸರಳ. ದಪ್ಪ ಬಟ್ಟೆ, ಬಿಸಿಲು ಒಳಗೆ ಬಿಡುವುದಿಲ್ಲ, ಅದರ ಮೇಲೆ ಒಂದು ಇಂಚು ಸಿಮೆಂಟ್ ಎಳೆದರೆ ಮುಗಿಯಿತು. ಮುಂದೆ ಮೇಲೊಂದು ಮನೆ ಕಟ್ಟುವಾಗ ಕಿತ್ತು ಬಿಸಾಡಬಹುದು. ಆ ಮೇಲಿನ ಮನೆಗಾಗಿ ನಾಲ್ಕು ಮೂಲೆಯಲ್ಲೂ ಪಿಲ್ಲರಿನ ಕಂಬಿಗಳನ್ನು ಆಳೆತ್ತರ ಬಿಟ್ಟಿದ್ದಾರೆ. ಅವುಗಳ ಮೇಲೆ ಈಗ ಬಟ್ಟೆ ಒಣಗುತ್ತಿದೆ.

ಕೆಳಗಿನ ಕೋಣೆಯಲ್ಲಿ ಅವರ ಹೆಂಡತಿ ಶಿವಲಕ್ಷ್ಮಿ ಪ್ಯಾಂಟಿನ ಜೇಬು ಹೊಲಿಯುತ್ತಾರೆ. ದಿನಕ್ಕೆ ನೂರೈವತ್ತು ಜೇಬು ಮುಗಿಸುತ್ತಿದ್ದವರು, ಸ್ಲ್ಯಾಬ್ ಬಂದ ಮೇಲೆ ಎಂಬತ್ತಕ್ಕೆ ಇಳಿದಿದ್ದಾರೆ. ಹನ್ನೊಂದು ಗಂಟೆಯ ನಂತರ ಆ ಕೋಣೆಯಲ್ಲಿ ಕೂರಲಾಗುವುದಿಲ್ಲ, ಫ್ಯಾನು ಬಿಸಿ ಗಾಳಿಯನ್ನೇ ತಿರುವುತ್ತದೆ. ಘಟಕದವರು ಎರಡು ಸಲ ಎಚ್ಚರಿಸಿದ್ದಾರಂತೆ. ಮೇ ಮುಗಿಯುವುದರೊಳಗೆ ಮೊದಲಿನಷ್ಟು ಕೊಡದಿದ್ದರೆ ಜೇಬಿನ ಕೆಲಸ ಬೇರೆಯವರಿಗೆ ಹೋಗುತ್ತದೆ, ಜೊತೆಗೆ ಅವರು ಕೊಟ್ಟ ಮಿಷನ್ನೂ ಹೋಗುತ್ತದೆ. ಸೋರುವ ಹಳೆ ಮಾಳಿಗೆಯೇ ವಾಸಿಯಿತ್ತು ಎನ್ನುವಾಗ ಅವರು ಗಂಡನ ಕಡೆ ನೋಡುವುದಿಲ್ಲ.

ಬೊಮ್ಮಕ್ಕ ಮೇಲೆ ಹತ್ತಿ ಇಡೀ ತಾರಸಿ ಸುತ್ತುತ್ತಾರೆ. ಆದಿನಾರಾಯಣರ ಹತ್ತಿರ ಬೇರೆ ದಾರಿಗಳೂ ಇವೆ, ಫೋನಿನಲ್ಲಿ ಎಲ್ಲದರ ವಿಡಿಯೋ ಇದೆ. ಥರ್ಮೋಕೋಲ್ ಹಾಕಿದರೆ ಇಲಿಗೆ ಮನೆ ಕಟ್ಟಿಕೊಟ್ಟಂತೆ ಎನ್ನುತ್ತಾರೆ ಬೊಮ್ಮಕ್ಕ. ಬಿಳಿ ಕೂಲಿಂಗ್ ಪೇಂಟ್ ಒಳ್ಳೆಯದೇ, ಆದರೆ ನಮ್ಮ ಕೆಂಧೂಳಿನ ಗಾಳಿಗೆ ವರ್ಷಕ್ಕೇ ಕಾವಿ ಬಣ್ಣಕ್ಕೆ ತಿರುಗುತ್ತದೆ, ಮೇಲಾಗಿ ಸ್ಲ್ಯಾಬಿಗೆ ಇಳಿಜಾರೇ ಇಲ್ಲ, ನಿಂತ ನೀರಿಗೆ ಪೇಂಟು ಏನು ಮಾಡೀತು? ಕೊನೆಗೆ ಆದಿನಾರಾಯಣ, ಹಾಗಾದರೆ ಹಳೆ ಮಾಳಿಗೆಯ ಚೌಳು ಮಣ್ಣನ್ನೇ ಹರಡೋಣ, ಹಿತ್ತಲಲ್ಲಿ ರಾಶಿ ಇದೆ, ಹಿರಿಯರು ಮಾಡಿದ್ದು ತಾನೆ ಎನ್ನುತ್ತಾರೆ.

ಅಲ್ಲಿಯವರೆಗೆ ಗದರುತ್ತಿದ್ದ ಬೊಮ್ಮಕ್ಕನ ದನಿ ಇದಕ್ಕೆ ಇಳಿಯುತ್ತದೆ. ಮಡಕಶಿರಾ ಕಡೆಗೆ ಕೊಟ್ಟ ತಂಗಿ ಚೌಡಕ್ಕ ಹದಿನಾರು ವರ್ಷದ ಹಿಂದೆ ಹೊಸ ಸ್ಲ್ಯಾಬ್ ಹಾಕಿಸಿದಾಗ, ತಂಪಿರಲಿ ಎಂದು ಚೌಳು ಮಣ್ಣು ಹರಡಿಸಿದ್ದು ಇವರೇ. ತಂಗಿಯ ಮನೆ ಎಂದು ತಾವೇ ನಾಲಗೆಗೆ ಇಟ್ಟು ನೋಡಿ, ಹೆಚ್ಚು ಉಪ್ಪಿನ ಮಣ್ಣನ್ನೇ ಆರಿಸಿದ್ದರು. ಏಳನೇ ವರ್ಷ ಒಲೆಯ ಪಕ್ಕಕ್ಕೆ ಕಾಂಕ್ರೀಟ್ ಹೆಂಟೆ ಬಿತ್ತು. ಒಳಗಿನ ಕಂಬಿ ಉಪ್ಪಿಗೆ ತುಕ್ಕು ಹಿಡಿದು ಪುಡಿಪುಡಿಯಾಗಿತ್ತು. ಚೌಡಕ್ಕ ಆಗಷ್ಟೇ ಎದ್ದು ನೀರಿಗೆ ಹೋಗಿದ್ದರು.

"ಕಟ್ಟಿಗಿ ಮಾಳಿಗಿಗೆ ಆಗಿಬರೋ ಮಣ್ಣು ಕಬ್ಬಿಣಕ್ಕ ಆಗಿಬರಲ್ಲ ಅಂತ ನನಗ ಗೊತ್ತಿದ್ದಿಲ್ರಿ. ನನ್ನ ತಂಗಿ ಇವತ್ತಿಗೂ ಒಂದು ಮಾತು ಅಂದಿಲ್ಲ. ಅಂದಿದ್ರ ಚಲೋ ಇತ್ತು."

ಆದಿನಾರಾಯಣ ಮಣ್ಣಿನ ಮಾತು ಬಿಟ್ಟರೂ ಚಿಂದಿ ಬಿಡಲಿಲ್ಲ. ಬೊಮ್ಮಕ್ಕ ಮತ್ತೆ ವಾದಕ್ಕಿಳಿಯಲಿಲ್ಲ. ಒಂದು ಚೀಲದ ಚಿಂದಿಯನ್ನು ಸ್ಲ್ಯಾಬಿನ ಮೇಲೆ ಹಾಸಿ, ಮೇಲೆ ಎರಡು ಕಡಪ ಬಂಡೆ ಮುಚ್ಚಿ, ಸಂದಿಯಲ್ಲಿ ಎರಡು ಕೊಡ ನೀರು ಸುರಿಸಿದರು. ಸಿಮೆಂಟ್ ಇವತ್ತಲ್ಲ ನಾಳೆ ಬಿರುಕು ಬಿಡುತ್ತದೆ, ಆಗ ಇಳಿಯುವ ನೀರು ಇಷ್ಟೇ ಎಂದುಕೊ, ಮೂರು ದಿನ ಬಿಟ್ಟು ತೆಗೆಯೋಣ ಎಂದರು. ಏಪ್ರಿಲ್ ಬಿಸಿಲಿಗೆ ಮೂರು ತಾಸಿಗೇ ಒಣಗುತ್ತದೆ ಎಂದು ಆದಿನಾರಾಯಣ ನಕ್ಕರು. ನಿಜ ಹೇಳಬೇಕೆಂದರೆ ನಾನೂ ಹಾಗೇ ಅಂದುಕೊಂಡಿದ್ದೆ.

ನಾಲ್ಕನೇ ದಿನ ಬಂಡೆ ಎತ್ತಿದರೆ ಮುಗ್ಗಲು ವಾಸನೆ. ಚಿಂದಿ ಹಿಂಡಿದ ಆದಿನಾರಾಯಣರ ಬೆರಳ ಸಂದಿಯಿಂದ ನೀಲಿ ನೀರು ಇಳಿಯುತ್ತದೆ. ಸ್ಲ್ಯಾಬಿನ ಮೇಲೂ ಅಗಲವಾದ ನೀಲಿ ಕಲೆ. ಚಿಂದಿ ಒಣಗಿಯೇ ಇರುವುದಾದರೆ ಬಿಸಿಲು ತಡೆಯುತ್ತದೆ ಎಂದು ನೀನು ಹೇಳಿದ್ದು ಸರಿ, ಮೇಲೆ ಮಳೆಯೂ ಬೀಳುವುದರಿಂದ ತಪ್ಪು ಎನ್ನುತ್ತಾರೆ ಬೊಮ್ಮಕ್ಕ. ಮೆತ್ತನೆಯದರ ಮೇಲೆ ಸಿಮೆಂಟ್ ನಿಲ್ಲುವುದಿಲ್ಲ, ಒಳಗೆ ಹೋದ ನೀರಿಗೆ ಹೊರಗೆ ದಾರಿಯಿಲ್ಲ. ಆದಿನಾರಾಯಣ ಒಪ್ಪುತ್ತಾರೆ. ಒಪ್ಪಿ, ಹಾಗಾದರೆ ಏನೂ ಬೇಡ ಎನ್ನುತ್ತಾರೆ. ಬೊಮ್ಮಕ್ಕ ಹೇಳುವ ಗಚ್ಚು ಹಾಕಿದರೆ ಮೇಲಿನ ಮನೆ ಕಟ್ಟುವಾಗ ಎಲ್ಲ ಒಡೆಯಬೇಕಲ್ಲ. ಈ ವರ್ಷ ಹೀಗೇ ಇರಲಿ, ಮುಂದೆ ನೋಡೋಣ.

ಬೊಮ್ಮಕ್ಕ ಹಣೆಗೆ ಕೈ ಹಚ್ಚಿ ಕೂತುಬಿಡುತ್ತಾರೆ. ರಾಯದುರ್ಗದಿಂದ ಮಡಕಶಿರಾವರೆಗೆ ಯಾವ ಊರಿಗೆ ಹೋದರೂ ತಾರಸಿ ಮೇಲೆ ಈ ಕಂಬಿಗಳು ಇದ್ದೇ ಇರುತ್ತವೆ. ಬಾರದ ಮೇಲಂತಸ್ತಿಗಾಗಿ ಕೆಳಗಿನವರು ಬೇಯುವುದು ನಮ್ಮಲ್ಲಿ ರೂಢಿಯೇ ಆಗಿಬಿಟ್ಟಿದೆ. ಬೊಮ್ಮಕ್ಕನ ಹತ್ತಿರ ಇದಕ್ಕೆ ಮಾತ್ರ ಪರೀಕ್ಷೆ ಇರಲಿಲ್ಲ. ಮಾತಾಡಿದವರು ಮೆಟ್ಟಿಲ ತುದಿಯಲ್ಲಿ ನಿಂತಿದ್ದ ಶಿವಲಕ್ಷ್ಮಿ.

"ಮ್ಯಾಲಿನ ಮನಿ ನೀವು ಯಾವಾಗರ ಕಟ್ರಿ. ಕೆಳಗ ಮಿಷನ್ ಮುಂದ ಕುಂದ್ರಾಕಿ ನಾನು."

ಆದಿನಾರಾಯಣ ಒಮ್ಮೆ ಕಂಬಿಗಳ ಕಡೆ ನೋಡುತ್ತಾರೆ. ಆಮೇಲೆ ಇಟ್ಟಿಗೆ ಚೂರು ಎಷ್ಟು ಟ್ರ್ಯಾಕ್ಟರ್ ಬೇಕೆಂದು ಕೇಳುತ್ತಾರೆ.

ಅಲ್ಲಿಂದ ಮುಂದೆ ಬೊಮ್ಮಕ್ಕನ ಹುಕುಂ. ಬಂದ ಮೊದಲ ಟ್ರ್ಯಾಕ್ಟರ್ ವಾಪಸ್, ಏಕೆಂದರೆ ಚೂರನ್ನು ಬಕೆಟ್ ನೀರಿಗೆ ಹಾಕಿದಾಗ ಕರಗಿತು. ಎರಡನೆಯದರಲ್ಲಿ ಚೂರಿಗೆ ಚೂರು ಬಡಿದಾಗ ಟಣ್ ಎಂದದ್ದು ಮಾತ್ರ ಮೇಲೆ ಹೋಯಿತು. ಹನುಮಂತರಾಯರು ಅರಳಿಸಿದ ಸುಣ್ಣ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಇಳಿಜಾರಿಗೆಂದು ಗಚ್ಚಿನ ದಪ್ಪ ನಡುವೆ ನಾಲ್ಕೂವರೆ ಇಂಚು, ನೀರು ಹೋಗುವ ಕೊಳವೆಯ ಹತ್ತಿರ ಎರಡೂವರೆ. ಮೂರು ದಿನ ಏಳು ಕೊಡತಿ, ಕೊನೆಗೆ ಬಿಳಿ ಸುಣ್ಣ. ಧೂಳು ಕೂತರೆ ಪ್ರತಿ ಯುಗಾದಿಗೆ ಮತ್ತೆ ಬಳಿಯಬೇಕು, ಆ ಕೆಲಸ ನಿನ್ನದು ಎಂದು ಆದಿನಾರಾಯಣರಿಗೆ ತಾಕೀತು ಮಾಡಿದ್ದಾರೆ.

ಮೇ ಇಪ್ಪತ್ತರಂದು ಮಧ್ಯಾಹ್ನ ಎರಡು ಗಂಟೆಗೆ ಬೊಮ್ಮಕ್ಕನ ಜೊತೆ ಆ ಓಣಿಗೆ ಹೋಗುತ್ತೇನೆ. ಬೀದಿಯಲ್ಲಿ ನಾಯಿಯೂ ಇಲ್ಲ. ಅಕ್ಕಪಕ್ಕದ ಮನೆಯವರೆಲ್ಲ ಬೇವಿನ ಮರದಡಿ ಚಾಪೆ ಹಾಕಿದ್ದಾರೆ, ಅವರಲ್ಲಿ ಶಿವಲಕ್ಷ್ಮಿ ಇಲ್ಲ. ಒಳಗೆ ಮಿಷನ್ ಓಡುತ್ತಿದೆ. ಪಕ್ಕದಲ್ಲಿ ಜೇಬುಗಳ ಕಟ್ಟು ಮೊಣಕಾಲೆತ್ತರ ಬಂದಿದೆ. ಬೊಮ್ಮಕ್ಕ ಸದ್ದಾಗದಂತೆ ಒಳಗೆ ಹೋಗಿ, ಬಾಗಿಲ ಬಳಿಯ ಮಂಚ ಹತ್ತಿ, ಸೂರಿಗೆ ಅಂಗೈ ಒತ್ತಿ ಹಿಡಿದು ನಿಲ್ಲುತ್ತಾರೆ. ಶಿವಲಕ್ಷ್ಮಿಗೆ ನಾವು ಬಂದದ್ದೇ ಗೊತ್ತಿಲ್ಲ. ಕೋಣೆ ಈಗ ಹೇಗಿದೆ ಎಂದು ಅವರನ್ನು ಕೇಳಲು ನಾನು ಬಾಯಿ ತೆರೆದರೆ ಬೊಮ್ಮಕ್ಕ ಕೈಸನ್ನೆಯಲ್ಲೇ ಗದರಿ ಹೊರಗೆ ಕರೆತರುತ್ತಾರೆ.

"ಕರೀಬ್ಯಾಡ್ರಿ ಸಾರ್, ಹೊಲೀಲಿ ಬಿಡ್ರಿ. ಇದಕ್ಕೇ ಅಲ್ಲೇನ್ರಿ ನಾವು ಬಡಿದದ್ದು?"