ಒಂದೂವರೆ ಮೊಳದ ನಲ್ಲಿ

ದೇವರ ಮುಂದೆ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದಾಗ ಸಂಭಾಜಿನಗರದಿಂದ ಮೈದುನನ ಫೋನು ಬಂತು. ಅವನಿಗೆ ಬಿಡಕಿನ್‌ನ ಹೊಸ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅವನ ಮನೆಯಲ್ಲಿದ್ದ, ಮೊಣಕಾಲಿನ ಆಪರೇಷನ್ನಾದ ಅತ್ತೆಯವರನ್ನು ಶನಿವಾರ ನಾಸಿಕಕ್ಕೆ, ನಮ್ಮಲ್ಲಿಗೆ ಕರೆತರುತ್ತಾನಂತೆ. ಅತ್ತೆಯವರದು ಒಂದೇ ಷರತ್ತು: ಸ್ನಾನ ತಾವೇ ಮಾಡಿಕೊಳ್ಳಬೇಕು. ಇನ್ನೊಬ್ಬರು ನೀರು ಹಾಕಿದರೆ ಅವರ ಲೆಕ್ಕದಲ್ಲಿ ಅದು ಮಡಿಯಲ್ಲ. ತಿಂಗಳಿಂದ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ದೇವರಿಗೆ ದೂರದಿಂದ ಕೈಮುಗಿದದ್ದು ಅವರಿಗೆ ಸಾಕಾಗಿತ್ತು.

ದೇವರ ದಯೆಯೆಂದರೆ, ಸೋರುತ್ತಿದ್ದ ನಮ್ಮ ಬಚ್ಚಲನ್ನು ಅದೇ ವಾರ ಒಡೆಸಿದ್ದೆವು. ದಯೆಯ ಬೆನ್ನಿಗೇ ಬಂದ ಗೊಂದಲವೆಂದರೆ ಮರಾಠಿ ಪ್ಲಂಬರನ ಪ್ರಶ್ನೆ: ನಲ್ಲಿ ಎಷ್ಟು ಎತ್ತರಕ್ಕಿರಲಿ, ವಹಿನಿ? ಐವತ್ತು ವರ್ಷ ದಿನವೂ ಮಿಂದವಳಿಗೆ ಉತ್ತರ ಹೊಳೆಯಲಿಲ್ಲ. ಆರಡಿಯ ಯಜಮಾನರು ಸೊಂಟಮಟ್ಟ ಎಂದರು. ಯಾರ ಸೊಂಟವೆಂದು ಹೇಳಲಿಲ್ಲ. ಮಗಳು, ನಲ್ಲಿಯೇ ಯಾಕೆ, ಶವರ್ ಸಾಕು ಎಂದಳು. ನೀವೇ ಹೇಳಿ, ಪಂಚವಟಿಯ ಘಾಟಿನಲ್ಲಿ ಯಾರು ಟೇಪು ಹಿಡಿದಿದ್ದಾರೆ? ಕುಳ್ಳರು ಎರಡು ಮೆಟ್ಟಿಲು ಮೇಲೆ, ಎತ್ತರದವರು ಎರಡು ಮೆಟ್ಟಿಲು ಕೆಳಗೆ ನಿಂತರಾಯಿತು, ಗೋದಾವರಿ ಎಲ್ಲರಿಗೂ ಸೊಂಟಮಟ್ಟವೇ.

ಕೊನೆಗೆ ಅತ್ತೆಯವರಿಗೇ ಫೋನು ಮಾಡಿ, ಅಲ್ಲಿಯ ನಲ್ಲಿ ಎಷ್ಟೆತ್ತರವೆಂದು ಕೇಳಿದೆ. ಜೀವಮಾನವಿಡೀ ಹೂಮಾಲೆ ಅಳೆದ ಕೈ ಅದು. ಥಟ್ಟನೆ ಒಂದೂವರೆ ಮೊಳ ಎಂದರು. ನನ್ನ ಮೊಳವನ್ನು ಗೋಡೆಗಿಟ್ಟು, ನನ್ನ ಕೈ ಗಿಡ್ಡವೆಂಬ ಅನುಮಾನಕ್ಕೆ ನಾಲ್ಕು ಬೆರಳು ಸೇರಿಸಿ, ಕುಂಕುಮದ ಬೊಟ್ಟಿಟ್ಟೆ. ಪ್ಲಂಬರ್ ಅಲ್ಲೇ ನಲ್ಲಿ ಕೂರಿಸಿದ.

ಶನಿವಾರ ಅತ್ತೆಯವರು ಬಂದರು. ಬಚ್ಚಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟೆ. ಬಾಗಿಲು ಎಳೆದುಕೊಂಡವರು ತುಸು ಹೊತ್ತಿಗೆ ಒಣ ಸೀರೆಯಲ್ಲೇ ಕೂಗಿದರು. ನೆಲದ ಮೇಲಿನ ಬಕೆಟ್ಟು ಕುರ್ಚಿಯಿಂದ ನೋಡಿದರೆ ಬಾವಿಯಷ್ಟು ಆಳ. ಬಗ್ಗಬಾರದೆಂದು ಡಾಕ್ಟರು ಹೇಳಿದ್ದಾರೆ.

“ನಾ ನೀರ ಹಾಕ್ಲೇನ್ರಿ, ಅತ್ತಿ?”

“ಬ್ಯಾಡ. ಅಲ್ಲಿ ನಾ ಮಣಿ ಮ್ಯಾಲೆ ಕುಂದರತಿದ್ದೆ, ಈಗ ಕುರ್ಚಿ. ನೀ ನಳದ ಎತ್ತರ ಕೇಳಿದಿ, ನನ್ನ ಎತ್ತರ ಕೇಳಲಿಲ್ಲ ನೋಡವಾ.” ಮತ್ತೆ ತಾವೇ ಸೇರಿಸಿದರು, “ಕೇಳಿದ್ರ ನನಗೂ ಎಲ್ಲಿ ಗೊತ್ತಿತ್ತು ಬಿಡು.”

ಆ ಹಳೆಯ ಕಾಲುಮಣೆಯನ್ನು ಅವರು ಬಿಟ್ಟು ಬಂದಿರಲಿಲ್ಲ, ಗಂಟಿನಲ್ಲಿತ್ತು. ಅದನ್ನು ನಲ್ಲಿಯ ಕೆಳಗಿಟ್ಟು, ಮೇಲೆ ಬಕೆಟ್ಟು ಕೂರಿಸಿದೆ. ನಲ್ಲಿಯ ಬಾಯಿಗೆ ಎರಡು ಬೆರಳಿನ ಸಂದು ಬಿಟ್ಟು ಹಿಡಿಸಿತು. ಅನುಮಾನದ ಆ ನಾಲ್ಕು ಬೆರಳು ದೇವರು ಕೊಟ್ಟದ್ದೇ, ನನ್ನ ಬುದ್ಧಿಯಂತೂ ಅಲ್ಲ. ಬಾಗಿಲ ಹೊರಗೆ ನಿಂತು, ತಂಬಿಗೆಯಿಂದ ನೀರು ಬೀಳುವ ಸದ್ದನ್ನೂ ಅದರ ನಡುವೆ ಅವರ ಸ್ತೋತ್ರವನ್ನೂ ಕೇಳಿದೆ. ಏಳುವಾಗ ಆಧಾರಕ್ಕೆ ಊರಿದ ಅವರ ಒದ್ದೆ ಅಂಗೈ ಗೋಡೆಯಲ್ಲಿ ಮೂಡಿತ್ತು. ಆರುವ ಮೊದಲು ಅಲ್ಲಿಗೂ ಕುಂಕುಮ ಹಚ್ಚಿದೆ, ಪ್ಲಂಬರ್ ಆಸರೆಯ ಹಿಡಿಕೆಯನ್ನು ಅಲ್ಲೇ ಕೂರಿಸಲಿ ಎಂದು.

ಅತ್ತೆಯವರು ಮಡಿಯಲ್ಲಿ ದೇವರ ಮುಂದೆ ಕುರ್ಚಿ ಹಾಕಿಸಿಕೊಂಡು, ನಾನು ಅರ್ಧಕ್ಕೆ ಬಿಟ್ಟ ಬತ್ತಿಗಳನ್ನು ಹೊಸೆಯತೊಡಗಿದರು. ನಾನು ಅನ್ನಕ್ಕಿಡಲು ಒಳಗೆ ಹೋದೆ. ಹದಿನೆಂಟು ವರ್ಷದಿಂದ ಇದೇ ಒಲೆಯ ಕುಕ್ಕರಿನೊಳಗೆ ಇಣುಕಲು ತುದಿಗಾಲಲ್ಲಿ ನಿಲ್ಲುತ್ತಿದ್ದೇನೆಂದು ಆಗ ಕಣ್ಣಿಗೆ ಬಿತ್ತು. ಒಲೆಯ ಕಟ್ಟೆ ಎಷ್ಟು ತಗ್ಗಬೇಕೆಂದು ಯಾರಾದರೂ ಕೇಳಿದರೆ ಏನು ಹೇಳುವುದೋ ತಿಳಿಯಲಿಲ್ಲ. ತುದಿಗಾಲಲ್ಲೇ ನಿಂತು ಅಕ್ಕಿಗೆ ನೀರು ಹಾಕಿದೆ.