ಬಾವಿಯ ತಳ ಕೆದಕಿದವರು ಯಾರು?

ಈ ಅಂಕಣಕ್ಕೆ ಈ ವಿಷಯ ಬರೆಯಬೇಕೆಂದು ಎಷ್ಟೋ ವಾರ ಕೂತಿದ್ದೇನೆ. ಪ್ರತಿ ಸಲವೂ ರಸ್ತೆ ಗುಂಡಿ, ಬಸ್ಸಿನ ನೂಕಾಟ ಅಂತ ಬೇರೇನೋ ಬರೆದು ಕಳಿಸಿದ್ದೇನೆ. (ನೀವೂ ಓದಿ ನಕ್ಕಿದ್ದೀರಿ.) ಈ ವಾರ ತಪ್ಪಿಸಿಕೊಳ್ಳಲಾಗುತ್ತಿಲ್ಲ.

ಕಾರಣ ಒಂದು ಹುಳ. ಅಕ್ಕಿಕಾಳಿಗಿಂತ ಚಿಕ್ಕದು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮೊಮ್ಮಗಳು ಮಾಡದಕೆರೆ ಕಡೆಯ ನಮ್ಮೂರ ಹಳೇ ಬಾವಿಯಿಂದ ಬಾಟಲಿಯಲ್ಲಿ ನೀರು ತಂದಿದ್ದಳು. ಲೆನ್ಸ್ ಹಿಡಿದು ನೋಡಿದೆ. ಬಿಳಿ ಮೈ, ಬಾಗಿದ ಬೆನ್ನು, ಪಕ್ಕಕ್ಕೆ ವಾಲಿಕೊಂಡೇ ಓಡಾಟ. ಗುರುತು ಸಿಕ್ಕಿತು. ಇದನ್ನು ಹಿಂದೊಮ್ಮೆ ನಮ್ಮೂರಲ್ಲೇ ನೋಡಿದ್ದೆ.

“ಸೀಗಡಿಗೆ ದೂರದ ನೆಂಟರು ತಾತ. ತಳದ ಕೆಸರಲ್ಲೇ ಇರ್ತವೆ. ಯಾರಾದ್ರೂ ಕೆದಕಿದ್ರೆ ಮಾತ್ರ ಮೇಲೆ ಬರ್ತವೆ. ನಾವೂ ಕೆದಕಿಯೇ ಹಿಡಿದಿದ್ದು,” ಅಂದಳು.

ಕೆದಕಿದರೆ ಮಾತ್ರ!

ನಾನು ಹುಡುಗನಾಗಿದ್ದಾಗಿನ ಮಾತು, ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಅವ್ವನ ಹೊಸ ಹಿತ್ತಾಳೆ ಬಿಂದಿಗೆ ನನ್ನ ಕೈಜಾರಿ ಬಾವಿಗೆ ಬಿತ್ತು. ಕುರಿ ಸಾಕುವ ಮನೆಯ ಸೊಸೆಯೊಬ್ಬಳು ತನ್ನ ಪಾತಾಳಗರಡಿ ಕೊಟ್ಟಳು. (ಬಾವಿಗೆ ಬಿದ್ದದ್ದನ್ನು ಎತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು.) “ತಗಳ್ಳಪ್ಪ. ನಿಮ್ಮವ್ವಂಗೆ ನಾನಂತೂ ಹೇಳಾಕಿಲ್ಲ ಬಿಡು,” ಎಂದು ನಕ್ಕಳು. ಮಧ್ಯಾಹ್ನವೆಲ್ಲ ತಳ ಜಾಲಾಡಿದೆ. ಬಿಂದಿಗೆ ಸಿಕ್ಕಿತು.

ಸಂಜೆ ಎಲ್ಲರ ಕೊಡದಲ್ಲೂ ಹುಳ. ಜನ ಬಾವಿಕಟ್ಟೆಗೆ ನುಗ್ಗಿದರು. ಆ ಕೇರಿಯಲ್ಲಿ ಕುರಿ ಇದ್ದದ್ದು ಅವಳ ಮನೆಯಲ್ಲಿ ಮಾತ್ರ.

“ಕುರಿಗೆ ನೀರು ಕುಡಿಸೋ ಬಕೀಟು ಬಾವಿಗೆ ಇಳಿಸಿದ್ಯೇನಮ್ಮಾ? ಕುರಿ ಹುಳಾನೆಲ್ಲ ನಮಗೆ ಕುಡಿಸ್ತೀಯಾ?”

“ಇಲ್ಲ ಕಣ್ರಿ, ಅದು ಮನೇಲೇ ಐತೆ. ಬಂದು ನೋಡ್ರಿ.”

ಯಾರೂ ಹೋಗಿ ನೋಡಲಿಲ್ಲ. ಊರಿನ ಹಿರಿಯರೊಬ್ಬರು ನನ್ನ ಕಡೆ ತಿರುಗಿದರು. “ಲೇ, ಓದಿದೋನು ನೀನು. ಮಧ್ಯಾಹ್ನ ಇಲ್ಲೇ ಇದ್ಯಂತಲ್ಲ. ಇವಳು ಬಕೀಟು ಇಳಿಸಿದ್ಳಾ?”

ಗುಂಪಿನಲ್ಲಿ ಅವ್ವನೂ ಇದ್ದಳು. ಇಲ್ಲ ಎಂದರೆ, ಮತ್ತೆ ನೀನಿಲ್ಲಿ ಏನು ಮಾಡ್ತಿದ್ದೆ ಅನ್ನುತ್ತಿದ್ದರು.

“ಹೂಂ,” ಅಂದೆ.

ನೀರು ಸೇದುವ ಅವಳ ಹಗ್ಗ ಕತ್ತರಿಸಿ ಬಿಸಾಕಿದರು. ಆವತ್ತಿನಿಂದ ಅವಳು ಊರಾಚೆಯ ಹಳ್ಳದಿಂದ ನೀರು ಹೊತ್ತಳು.

ಹುಳ ಎಲ್ಲಿಂದ ಬಂತೆಂದು ಆಗ ನನಗೂ ಗೊತ್ತಿರಲಿಲ್ಲ. ಆದರೆ ಅವಳು ಬಕೀಟು ಇಳಿಸಿರಲಿಲ್ಲ ಎಂಬುದು ಗೊತ್ತಿತ್ತಲ್ಲ? ಅವಳು ತನ್ನ ಪಾತಾಳಗರಡಿಯ ಮಾತೆತ್ತಿದ್ದರೆ ನನ್ನ ಬಣ್ಣ ಅಲ್ಲೇ ಬಯಲಾಗುತ್ತಿತ್ತು. ಅವಳು ಎತ್ತಲಿಲ್ಲ. ಅವ್ವನಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಳು, ಅಷ್ಟೆ.

ಅವಳು ತೀರಿಕೊಂಡ ಸುದ್ದಿ ನಾನಿರುವ ಹೊಸದುರ್ಗಕ್ಕೆ ಬಂದಾಗಲೂ ನಾನು ಹೋಗಲಿಲ್ಲ. ಅವಳಿಗೆ ವಾಪಸ್ ಕೊಡದೇ ಉಳಿದುಹೋದ ಗರಡಿಯನ್ನು ಮೊನ್ನೆ ಅಟ್ಟದಿಂದ ಇಳಿಸಿದೆ. “ಯಾರದು ತಾತ ಇದು?” ಎಂದು ಮೊಮ್ಮಗಳು ಕೇಳಿದಳು. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಓಬಕ್ಕನದು.