ಕಾಯಿ ಸದ್ದು ಮಾಡುವವರೆಗೆ

ಇವತ್ತು ನನ್ನ ಹೆಸರಿಗೆ ಮತ್ತೊಂದು ಪಾರ್ಸೆಲ್ ಬಂತು. ಊರಿಂದ ಬಂದಿದ್ದ ಅಮ್ಮ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

ನಾನು ಚಿಕ್ಕವಳಿದ್ದಾಗ ತಿಪಟೂರಿನ ಬಾಡಿಗೆ ಮನೆಯಲ್ಲೂ ಅಟ್ಟದ ತೆಂಗಿನಕಾಯಿಯನ್ನು ಹೀಗೇ ಅಲ್ಲಾಡಿಸುತ್ತಿದ್ದಳು. ನೀರು ಇಂಗಿ, ಒಳಗೆ ಕೊಬ್ಬರಿ ಲೊಟಲೊಟ ಎಂದರೆ ಮಾತ್ರ ಮಾರಾಟ. ಆ ದುಡ್ಡು ಸ್ವಂತ ಮನೆಗೆ. ಬಳೆಗಾರನ ಮುಂದೆ ನಾನು ಹಟ ಹಿಡಿದರೆ ಬೀದಿಗೆಲ್ಲ ಕೇಳುವಂತೆ ಕೂಗುವಳು: "ಕಾಯಿ ಇನ್ನೂ ಸದ್ದು ಮಾಡ್ತಿಲ್ಲ ಕಣೇ, ಸುಮ್ಕಿರು!" ಗೆಳತಿಯರೆದುರು ನಾನು ನಾಚಿ ಸಾಯುತ್ತಿದ್ದೆ. ಆದರೂ ಅವಳ ಮನೆ ಎದ್ದು ನಿಂತಿತು.

ನಾನೂ ನನ್ನ ಗಂಡನೂ ಇನ್ನೂ ಬಾಡಿಗೆ ಮನೆಯಲ್ಲೇ ಇದ್ದೇವೆ. ಮನೆಗೆಂದು ತೆಗೆದಿಟ್ಟದ್ದು ಈ ತಿಂಗಳೂ ಚಪ್ಪಲಿ, ಬ್ಯಾಗು ಎಂದು ಕರಗಿದೆ.

ಅಮ್ಮ ಈಗ ಕೂಗಲಿಲ್ಲ. ಪಾರ್ಸೆಲನ್ನು ನನ್ನ ಕೈಗಿಟ್ಟು, ಒಳಗಿದ್ದ ಅಳಿಯನಿಗೆ ಕೇಳಿಸದ ಹಾಗೆ ಕೇಳಿದಳು:

"ಕಾಯಿ ಸದ್ದು ಮಾಡ್ತಾ ಇದ್ಯೇನೇ?"